ಒಂಟಿ ಮನುಷ್ಯನ ಪುರಾಣ

ನಾನು ಜೀವಮಾನದಲ್ಲಿ ಕೇಳಿದ ಮೊದಲ ಕಾದಂಬರಿಗೆ ವಿಭೂತಿ ಹಚ್ಚಿ, ಕಣಗಿಲೆ ಹೂ ಏರಿಸಿ, ಕಾಯಿ ಒಡೆದು, ಆಮೇಲೆ ಓದಲು ಕೂತಿದ್ದೆವು. ಅದನ್ನು ಬರೆದ ಪುಣ್ಯಾತ್ಮನಿಗೆ ಈ ಸುದ್ದಿ ಮುಟ್ಟಿದ್ದರೆ ಏನು ಮಾಡುತ್ತಿದ್ದನೋ ಕಾಣೆ. ಹೆದರಿ ಬರೆಯುವುದನ್ನೇ ಬಿಡುತ್ತಿದ್ದ, ಇಲ್ಲವೇ ಮಸ್ಕಿಗೇ ಬಂದು ಮಠ ಕಟ್ಟಿಕೊಂಡು ಕೂತುಬಿಡುತ್ತಿದ್ದ. ನಮ್ಮಜ್ಜಿಯಂಥ ಭಕ್ತರು ಸಿಗುವುದಾದರೆ ಎರಡನೆಯದೇ ಲಾಭದ್ದು.

ನಿಜಾಮನ ಆಳ್ವಿಕೆಯ ಕಾಲ ಅದು. ಮಸ್ಕಿಯ ನಮ್ಮ ಮನೆಯಲ್ಲಿ ಪ್ರತಿ ಶ್ರಾವಣ ಪುರಾಣ ಹಚ್ಚುವ ರೂಢಿ ಇತ್ತು. ಮಧ್ಯಾಹ್ನದ ಊಟವಾದ ಮೇಲೆ ಪಡಸಾಲೆಯಲ್ಲಿ ಕಂಬಳಿ ಹಾಸುವುದು. ಒಬ್ಬರು ಓದುವುದು, ಒಬ್ಬರು ಅರ್ಥ ಹೇಳುವುದು, ಒಬ್ಬರು ‘ಹೂಂ’ ಅನ್ನುವುದು. ಹೂಂ ಅನ್ನುವುದು ಸಣ್ಣ ಕೆಲಸ ಅಂತ ತಿಳಿಯಬೇಡಿ. ಹೂಂ ಬರದಿದ್ದರೆ ಓದುವವರ ಗಂಟಲು ಕಟ್ಟುತ್ತದೆ, ಅರ್ಥ ಹೇಳುವವರಿಗೆ ಸಿಟ್ಟು ಬರುತ್ತದೆ, ಕೇಳುವವರು ನಿದ್ದೆ ಹೋಗಿದ್ದಾರೆಂಬುದು ಊರಿಗೆಲ್ಲ ಗೊತ್ತಾಗುತ್ತದೆ. ಲಿಂಗಸುಗೂರಿನಲ್ಲಿ ಉರ್ದು ಮಿಡ್ಲು ಪಾಸು ಮಾಡಿ, ತಹಸೀಲಿನಲ್ಲಿ ಏನಾದರೂ ನೌಕರಿ ಸಿಕ್ಕೀತೆಂದು ಕಾಯುತ್ತ, ಮೀಸೆ ತಿರುವಿಕೊಂಡು ಮನೆಯಲ್ಲಿ ಕೂತಿದ್ದ ನನಗೆ ಅಜ್ಜಿ ಆ ವರ್ಷ ಹೂಂ ಅನ್ನುವ ನೌಕರಿ ಕೊಟ್ಟಿದ್ದಳು. ನನ್ನ ಮೊದಲ ನೌಕರಿ ಅದೇ. ಆಮೇಲೆ ಕಚೇರಿಯಲ್ಲಿ ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ.

ಓದುವವಳು ನಮ್ಮ ಅತ್ತೆ, ಅಂದರೆ ಅಪ್ಪನ ತಂಗಿ. ಮನೆಯಲ್ಲಿ ಕನ್ನಡ ಅಕ್ಷರ ಸಲೀಸಾಗಿ ಬರುತ್ತಿದ್ದುದು ಅವಳೊಬ್ಬಳಿಗೇ. ಗಂಡಸರೆಲ್ಲ ಉರ್ದು ಶಾಲೆಯ ಗಿರಾಕಿಗಳು. ನನಗಂತೂ ಕನ್ನಡ ಅಜ್ಜಿಯ ಬಾಯಿಂದ, ಬೈಗುಳಸಮೇತ, ಕಿವಿಗೆ ಬಂದದ್ದು. ಅಕ್ಷರ ಕಲಿಸಿದವಳು ಇದೇ ಅತ್ತೆ. ಶಾಲೆಗೆ ಹೋಗುವಾಗ ನಾನು ಉಳಿದುಕೊಂಡಿದ್ದದ್ದು ಲಿಂಗಸುಗೂರಿನ ಅವಳ ಎರಡು ಕೋಣೆಯ ಮನೆಯಲ್ಲಿ. ಅತ್ತೆಯ ಗಂಡ ಅಲ್ಲಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಗಜೇಂದ್ರಗಡದ ಕಡೆಯಿಂದ, ಇಂಗ್ರೇಜಿ ಮುಲುಕಿನಿಂದ, ಯಾರು ಬಂದರೂ ಒಂದು ಕನ್ನಡ ಪುಸ್ತಕ ತರಿಸಿಕೊಳ್ಳುತ್ತಿದ್ದರು. ಅವರು ಜ್ವರ ಬಂದು ತೀರಿಕೊಂಡರು. ಮಕ್ಕಳಿರಲಿಲ್ಲ. ಅಪ್ಪ ಹೋಗಿ ಮನೆಗೆ ಬೀಗ ಹಾಕಿ ಅತ್ತೆಯನ್ನು ಮಸ್ಕಿಗೆ ಕರೆತಂದ.

ಈಗ ಅತ್ತೆಗೆ ಒಂದೇ ಆಸೆ. ಲಿಂಗಸುಗೂರಿಗೆ ವಾಪಸು ಹೋಗಬೇಕು, ಆ ಎರಡು ಕೋಣೆಯಲ್ಲಿ ಒಬ್ಬಳೇ ಇರಬೇಕು. ಕುಪ್ಪಸ ಹೊಲಿಯುವುದು ಅವಳಿಗೆ ಬರುತ್ತಿತ್ತು, ಓಣಿಯ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವುದೂ ಬರುತ್ತಿತ್ತು, ಹೊಟ್ಟೆಯ ಚಿಂತೆ ಇರಲಿಲ್ಲ. ಆದರೆ ‘ಒಬ್ಬಳೇ’ ಅನ್ನುವ ಮಾತು ಕಿವಿಗೆ ಬಿದ್ದ ಕೂಡಲೆ ಮನೆಮಂದಿ ಮೈಮೇಲೆ ಹಾವು ಬಿದ್ದವರಂತೆ ಎದ್ದು ಕೂರುತ್ತಿದ್ದರು. ಅಪ್ಪ ಸಿಂಧನೂರಿನಲ್ಲಿ ಹತ್ತಿ, ಶೇಂಗಾದ ಅಂಗಡಿ ಇಟ್ಟಿದ್ದ. ಅವ್ವ ಮತ್ತು ನನ್ನ ತಮ್ಮ ತಂಗಿಯರ ದಂಡು ಅಲ್ಲೇ ಇತ್ತು. ಅತ್ತೆಯನ್ನು ಅಲ್ಲಿಗೆ ಕರೆದೊಯ್ದರೆ ಅವ್ವನಿಗೂ ಕೈ ಆಸರೆ, ಅತ್ತೆಗೂ ಹೊತ್ತು ಹೋಗುತ್ತದೆ ಅಂತ ಅವನ ಲೆಕ್ಕ. ಲಿಂಗಸುಗೂರಿನ ಮನೆಯನ್ನು ಹೊಸದಾಗಿ ವರ್ಗವಾಗಿ ಬಂದ ಗಿರದಾವರನಿಗೆ, ಅಂದರೆ ಕಂದಾಯದ ಅಧಿಕಾರಿಗೆ, ಇರಲು ಕೊಡುವುದಾಗಿ ಮಾತೂ ಕೊಟ್ಟಾಗಿತ್ತು. ಗಿರದಾವರ ನಮ್ಮ ಮನೆಯಲ್ಲಿದ್ದರೆ ಹೊಲದ ಪಟ್ಟಿ ಪಹಣಿ ಎಲ್ಲ ತಾನಾಗಿಯೇ ನೆಟ್ಟಗಾಗುತ್ತವೆ ಅನ್ನುವುದು ಆ ಕಾಲದ ಎಲ್ಲ ಅಪ್ಪಂದಿರ ನಂಬಿಕೆ. ಶ್ರಾವಣದಲ್ಲಿ ಪುರಾಣ ಹಚ್ಚಿರುವಾಗ ಮನೆ ಬಿಟ್ಟು ಮನೆಗೆ ಹೋಗಬಾರದು ಅಂತ ಅಜ್ಜಿ ತಡೆದಿದ್ದಳು. ಪುರಾಣ ಮುಗಿಯುವ ಮಂಗಲದ ದಿನ ಬಂಡಿ ಹೂಡಿಕೊಂಡು ಬಂದು ಕರೆದೊಯ್ಯುತ್ತೇನೆ ಅಂತ ಅಪ್ಪ ಹೇಳಿ ಹೋಗಿದ್ದ.

ಹಚ್ಚಲು ಪುರಾಣವೇ ಇರಲಿಲ್ಲ ಅನ್ನುವುದು ಆಮೇಲೆ ತಿಳಿಯಿತು. ಸಂತೆಕಲ್ಲೂರಿನ ಬೀಗರು ಓದಿ ಕೊಡುತ್ತೇವೆಂದು ಒಯ್ದಿದ್ದ ನಮ್ಮ ಪುರಾಣವನ್ನು ಅವರ ಮನೆಯ ಗೆದ್ದಲು ಓದಿ ಮುಗಿಸಿತ್ತು. ಶ್ರಾವಣ ಸೋಮವಾರ ಎದುರಿಗೇ ಬಂದು ನಿಂತಿದೆ, ಕಂಬಳಿ ಹಾಸಿದೆ, ಕಾಯಿ ಬಂದಿದೆ, ಪುಸ್ತಕವಿಲ್ಲ. ಆಗ ಅರ್ಥ ಹೇಳುವ ನಮ್ಮ ಸಣ್ಣಜ್ಜ, ಅಂದರೆ ಅಜ್ಜನ ತಮ್ಮ, ಅತ್ತೆಯ ಟ್ರಂಕಿನಲ್ಲಿ ಏನಾದರೂ ಇದ್ದರೆ ನೋಡಿರಿ ಅಂದ. ಅವನ ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣುತ್ತಿರಲಿಲ್ಲ. ಆದರೆ ಅರ್ಥ ಕಾಣುವುದಕ್ಕೆ ಕಣ್ಣು ಯಾಕೆ ಬೇಕು ಅನ್ನುವ ಜಾತಿಯವನು. ಅತ್ತೆ ಒಂದು ಪುಸ್ತಕ ತಂದಳು. ರಟ್ಟು ಹೋಗಿತ್ತು, ಹೆಸರೂ ಹೋಗಿತ್ತು. ಮೊದಲ ಸಾಲು ಓದಿಸಿದ. ಊರ ಹೊರಗಿನ ಆ ಮನೆಯಲ್ಲಿ ಅವನು ಒಬ್ಬನೇ ಇದ್ದ ಅಂತ ಇತ್ತು.

“ಊರ ಹೊರಗ, ಒಬ್ಬನ,” ಅಂತ ಸಣ್ಣಜ್ಜ ಗಡ್ಡ ನೀವಿಕೊಂಡ. “ಶರಣನ ಅದಾನ. ಹಚ್ಚ್ರಿ ವಿಭೂತಿ.”

ಅತ್ತೆ ಇದ್ದ ಸಂಗತಿ ಹೇಳಿದಳು. ಇದು ಪುರಾಣವಲ್ಲ, ಈಚೆಗೆ ಯಾರೋ ಬರೆದ ಕಥೆ, ಇದರಲ್ಲಿ ಶರಣನೂ ಇಲ್ಲ ಸತ್ಪುರುಷನೂ ಇಲ್ಲ, ಒಬ್ಬ ಮನುಷ್ಯ ಒಬ್ಬನೇ ಇದ್ದು ದುಃಖ ಪಡುತ್ತಾನೆ ಅಷ್ಟೇ ಅಂದಳು. ಸಣ್ಣಜ್ಜ ನಕ್ಕ. ಯಾವ ಪುರಾಣ ಯಾರೂ ಬರೆಯದೆ ಮೇಲಿಂದ ಬಿದ್ದಿದೆ ಅಂತ ಕೇಳಿದ. ದುಃಖ ಪಡದ ಶರಣ ಯಾರಿದ್ದಾನೆ, ತೋರಿಸು ಅಂದ. ಅಷ್ಟರಲ್ಲಿ ಅಜ್ಜಿ ಕಾಯಿ ಒಡೆದುಬಿಟ್ಟಳು. ಒಡೆದ ಕಾಯಿ ಕೂಡುವುದಿಲ್ಲವಾದ್ದರಿಂದ ಕಾದಂಬರಿ ಶುರುವಾಯಿತು.

ಬರೆದವನ ಕೈಯಲ್ಲಿ ಕಸುಬು ಇತ್ತು, ಅದನ್ನು ಒಪ್ಪಬೇಕು. ಆದರೆ ಒಂಟಿತನ ಅಂದರೆ ಅವನಿಗೆ ಎಷ್ಟು ಪ್ರೀತಿಯೆಂದರೆ, ಮೂರು ಪುಟಕ್ಕೊಮ್ಮೆ ಅದನ್ನು ಎತ್ತಿ ತೋರಿಸಿ ಮತ್ತೆ ಇಡುತ್ತಿದ್ದ. ಕಥಾನಾಯಕ ಕಿಟಕಿಯಲ್ಲಿ ಕೂತರೆ ಹೊರಗೆ ಬಯಲಲ್ಲಿ ಒಂಟಿ ಈಚಲ ಮರ. ಕೆರೆಯ ಕಡೆ ಹೋದರೆ ಒಂಟಿ ಕಾಲಿನ ಮೇಲೆ ಒಂಟಿ ಕೊಕ್ಕರೆ. ಒಳಗೆ ಬಂದರೆ ಗೂಡಿನಲ್ಲಿ ಬೋರಲು ಹಾಕಿದ ಒಂದೇ ಲೋಟ. ಸಂಜೆಗೆ ತಪ್ಪದೆ ಬಾಗಿಲಿಗೆ ಅಗಳಿ. ಈಗಿನ ವಿದ್ವಾಂಸರು ಇದಕ್ಕೆ ಪ್ರತಿಮೆ, ಸಂಕೇತ ಅಂತೆಲ್ಲ ಅನ್ನುತ್ತಾರೆ. ನಮ್ಮ ಪಡಸಾಲೆಗೆ ಆ ಮಾತು ಇನ್ನೂ ಬಂದಿರಲಿಲ್ಲ. ಆದರೂ ಸಣ್ಣಜ್ಜ ಅವುಗಳಲ್ಲಿ ಒಂದನ್ನೂ ಬಿಟ್ಟುಕೊಡಲಿಲ್ಲ. ಈಚಲ ಮರ ಅಂದರೆ ಅಲುಗದ ಮನಸ್ಸು. ಕೊಕ್ಕರೆ ಅಂದರೆ ಧ್ಯಾನ. ಲೋಟ ಬೋರಲಾಗಿದೆ ಅಂದರೆ ಶರಣ ಲೋಕದ ಕಡೆಯಿಂದ ಏನನ್ನೂ ತುಂಬಿಸಿಕೊಳ್ಳಲು ಒಲ್ಲೆ ಅನ್ನುತ್ತಿದ್ದಾನೆ. ಅಗಳಿ ಅಂದರೆ ಇಂದ್ರಿಯಗಳ ಬಾಗಿಲು ಹಾಕಿಕೊಂಡದ್ದು. ನಾನು ಪ್ರತಿಯೊಂದಕ್ಕೂ ಹೂಂ ಅಂದೆ. ಇವತ್ತಿನವರೆಗೆ ನಾನು ಕೇಳಿದ ಸಾಹಿತ್ಯ ವಿಮರ್ಶೆಯಲ್ಲಿ ಸಣ್ಣಜ್ಜನದ್ದಕ್ಕಿಂತ ಗಟ್ಟಿಯಾದವು ಕೆಲವೇ ಇವೆ, ಅದಕ್ಕಿಂತ ಉದ್ದವಾದವು ಬೇಕಾದಷ್ಟಿವೆ.

ಪಕ್ಕದ ಮನೆಯ ಜಮಾದಾರ ಸಾಹೇಬರು ಮಾತ್ರ ಹೂಂ ಅನ್ನಲಿಲ್ಲ. ಪೊಲೀಸು ನೌಕರಿ ಮುಗಿಸಿ ಪೆನ್ಶನ್ ಪಡೆದವರು. ಮನೆಯಲ್ಲಿ ದಖನಿ, ನಮ್ಮ ಹತ್ತಿರ ನಮ್ಮಂಥದೇ ಕನ್ನಡ. ನಮಾಜು ಮುಗಿಸಿ ಬಂದು ಪಡಸಾಲೆಯ ಕಟ್ಟೆಯ ಮೇಲೆ ಕೂತು ಪ್ರತಿ ವರ್ಷ ಪುರಾಣ ಕೇಳುವರು. ಈಚಲ ಮರದ ಅರ್ಥ ಕೇಳಿ ಅವರು ಮುಖ ಸಿಂಡರಿಸಿದರು.

“ಅಜ್ಜಾರ, ಈಚಲ ಮರ ಎಲ್ಲೆರ ಒಂಟಿ ಇರ್ತೈತೇನ್ರಿ? ಮಧ್ಯಾಹ್ನ ಆತಂದ್ರ ಅದರ ಬುಡಕ ಸಿಂದಿ ಕುಡ್ಯಾಕ ಅರ್ಧ ಊರು ಕೂತಿರ್ತೈತಿ. ಎಬ್ಸಿ ಎಬ್ಸಿ ನನ್ ನೌಕರಿ ಮುಗೀತು.”

ಅವರಿಗೆ ಕಥಾನಾಯಕನ ಮೇಲೇ ಗುಮಾನಿ ಇತ್ತು. ದುಡಿಯುವುದಿಲ್ಲ, ಯಾರನ್ನೂ ಒಳಗೆ ಬಿಡುವುದಿಲ್ಲ, ಸಂಜೆಯಾದರೆ ಅಗಳಿ ಹಾಕಿಕೊಳ್ಳುತ್ತಾನೆ. ತಾವು ನೌಕರಿಯಲ್ಲಿದ್ದರೆ ಅವನ ಮನೆಯನ್ನೇ ಮೊದಲು ತಲಾಶಿ ಮಾಡುತ್ತಿದ್ದೆವು, ಖೋಟಾ ನಾಣ್ಯ ಹೊಡೆಯುವವರ ರೀತಿಯೇ ಇದು ಅಂತ ಹೇಳಿದರು. ಆದರೂ ದಿನಾ ತಪ್ಪದೆ ಬಂದು, ಇವತ್ತಾದರೂ ಅವನು ಒಂದು ಪವಾಡ ಮಾಡುತ್ತಾನೋ ಅಂತ ಕಾಯುತ್ತಿದ್ದರು. ತಮ್ಮ ಕಡೆಯ ದರ್ಗಾದ ಬುಜುರ್ಗರೂ ಹೀಗೇ ಒಬ್ಬರೇ ಇದ್ದರಂತೆ, ಆದರೆ ಅವರು ಬತ್ತಿದ ಬಾವಿಯಲ್ಲಿ ನೀರು ತರಿಸಿದ್ದರಂತೆ. ಇವನು ಲೋಟವನ್ನಾದರೂ ನೆಟ್ಟಗೆ ಮಾಡಬಾರದೇ ಅನ್ನುವುದು ಅವರ ದೂರು.

ನಿಜವಾದ ಪೇಚಾಟ ಹುಟ್ಟಿದ್ದು ಓದು ನಿಲ್ಲಿಸುವ ಕಡೆ. ಪುರಾಣವನ್ನು ಕೆಟ್ಟ ಜಾಗದಲ್ಲಿ ನಿಲ್ಲಿಸಬಾರದು. ಅಳು, ಜಗಳ, ಸಾವು ಬಂದಲ್ಲಿ ನಿಲ್ಲಿಸಿದರೆ ಅದು ಮನೆಗೆ ಹತ್ತುತ್ತದೆ. ಯಾರೋ ಹುಟ್ಟಿರಬೇಕು, ಮದುವೆಯಾಗಿರಬೇಕು, ಮಳೆ ಬಂದಿರಬೇಕು, ಹೋಗಲಿ, ನಾಲ್ಕು ಜನ ಕೂತು ಉಂಡಿರಬೇಕು. ಅಲ್ಲಿ ಪುಸ್ತಕ ಮುಚ್ಚಿ ಆರತಿ ಎತ್ತಬೇಕು. ಈ ಕಾದಂಬರಿಯಲ್ಲಿ ಯಾರೂ ಹುಟ್ಟುತ್ತಿರಲಿಲ್ಲ. ಮೊದಲ ದಿನ ಅತ್ತೆ ಓದಿದಳು, ಓದಿದಳು, ಓದುತ್ತಲೇ ಹೋದಳು. ನಾಯಕ ನಿಟ್ಟುಸಿರು ಬಿಟ್ಟ, ಕಿಟಕಿ ನೋಡಿದ, ಮತ್ತೆ ನಿಟ್ಟುಸಿರು ಬಿಟ್ಟ. ದನ ಮನೆಗೆ ಬಂದವು, ಕರು ಕಟ್ಟುವವರಿಲ್ಲದೆ ಹಾಲೆಲ್ಲ ಕುಡಿದುಕೊಂಡಿತು. ಒಳಗೆ ಒಲೆ ಆರಿತು. ಯಾರೂ ಏಳುವಂತಿಲ್ಲ. ಕಡೆಗೆ ಒಂದು ಪುಟದಲ್ಲಿ ಅಂಚೆಯವನು ಬಾಗಿಲು ಬಡಿದ. ಸಣ್ಣಜ್ಜ “ಅತಿಥಿ ಬಂದ, ಮುಚ್ಚು” ಅಂತ ಕೂಗಿಕೊಂಡ. ಅಂಚೆಯವನು ತಂದದ್ದು ಏನು ಅನ್ನುವುದನ್ನೂ ಕೇಳದೆ ನಾವೆಲ್ಲ ಎದ್ದು ಓಡಿದೆವು. ಅಂದಿನಿಂದ ಆ ಕಾದಂಬರಿಯಲ್ಲಿ ಬೆಕ್ಕು ಹಾದು ಹೋದರೂ ಅದನ್ನು ಅತಿಥಿಯ ಲೆಕ್ಕಕ್ಕೆ ಹಿಡಿಯಬೇಕಾಯಿತು.

ದಿನ ಹೋದಂತೆ ಒಂದು ವಿಚಿತ್ರ ಕಂಡಿತು. ಬರೆದವನು ಎಲ್ಲಿ ನಾವು ಅಳಲಿ ಅಂತ ಬರೆದಿದ್ದನೋ ಅಲ್ಲಿ ಹೆಂಗಸರ ಮುಖ ಅರಳುತ್ತಿತ್ತು. ಒಂದು ಅಧ್ಯಾಯವಿಡೀ ಆ ಮನೆಯ ಮೌನದ್ದು. ಹೆಜ್ಜೆಯ ಸಪ್ಪಳವಿಲ್ಲ, ಕರೆಯುವ ದನಿಯಿಲ್ಲ, ಎಲ್ಲಿಗೆ ಹೋದೆ ಅಂತ ಕೇಳುವವರಿಲ್ಲ, ಯಾಕೆ ತಡವಾಯಿತು ಅಂತ ಗದರುವವರಿಲ್ಲ. ಅತ್ತೆ ಅದನ್ನು ನಿಧಾನವಾಗಿ ಓದಿದಳು. ನಾನು ಹೂಂ ಅನ್ನುವುದನ್ನು ಮರೆತೆ. ಅಜ್ಜಿ ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು. ಅಧ್ಯಾಯ ಮುಗಿದ ಮೇಲೆ, ಆ ಲೋಟದ ಸಂಗತಿ ಇನ್ನೊಂದು ಸಲ ಓದು ಅಂದಳು. ಅತ್ತೆ ಓದಿದಳು.

“ಒಂದ ಲೋಟ,” ಅಂದಳು ಅಜ್ಜಿ. “ಹಂಗಾರ ಗಂಗಾಳನೂ ಒಂದ ಇದ್ದೀತು. ತೊಳಿಯೋದು ಅಷ್ಟನ.”

ಅವಳ ಪಕ್ಕ ಕೂತಿದ್ದ ಓಣಿಯ ಹೆಂಗಸರೆಲ್ಲ ಒಟ್ಟಿಗೆ ಉಸಿರುಬಿಟ್ಟರು. ನಮ್ಮ ಮನೆಯ ಹಿತ್ತಲಿನಲ್ಲಿ ಪ್ರತಿ ಊಟದ ಮೇಲೆ ಮುಸುರೆಯ ರಾಶಿ ಗುಡ್ಡದಂತೆ ಬೀಳುತ್ತಿತ್ತು. ಅಜ್ಜಿಗೆ ಕಥಾನಾಯಕನ ಮೇಲೆ ಭಕ್ತಿ ಹುಟ್ಟಿಸಿದ್ದು ಪವಾಡವಲ್ಲ, ಆ ಮುಸುರೆ. ಅಂದಿನಿಂದ ಅವಳು ಅವನಿಗೆ ‘ನಮ್ಮ ಶರಣ’ ಅನ್ನತೊಡಗಿದಳು. ಅವನು ನಿಟ್ಟುಸಿರು ಬಿಟ್ಟರೆ, ಹೊಟ್ಟೆ ತುಂಬಿದವನ ತೇಗು ಕೇಳಿದವಳಂತೆ ಸಂತೋಷಪಡುತ್ತಿದ್ದಳು.

ನಮ್ಮಲ್ಲಿ ಒಂಟಿತನ ಅನ್ನುವ ಸಾಮಾನೇ ಇರಲಿಲ್ಲ ಅನ್ನುವುದು ನನಗೆ ಹೊಳೆದದ್ದು ಆಗ. ಬೆಳಗ್ಗೆ ಚೆಂಬು ಹಿಡಿದು ಬಯಲಕಡೆ ಹೊರಟರೂ ಜೊತೆಗೆ ಇಬ್ಬರು, ಹೊಲದ ಬದುವಿನ ಎರಡು ಕಡೆ ಕೂತು ಊರ ಪಂಚಾಯ್ತಿ. ಆದರೂ ಆ ಕಾದಂಬರಿ ನನ್ನ ತಲೆಗೇರಿತ್ತು. ನಾನೂ ಒಂಟಿಯಾಗಬೇಕು, ನನಗೂ ಮುಖದ ಮೇಲೆ ಒಂದು ಛಾಯೆ ಬರಬೇಕು ಅಂತ ಒಂದು ಮುಂಜಾನೆ ನಮ್ಮೂರ ಗುಡ್ಡ ಹತ್ತಿ ಬಂಡೆಯ ಮೇಲೆ ಕೂತೆ. ಗಲ್ಲಕ್ಕೆ ಕೈ ಕೊಟ್ಟು ದಿಗಂತ ನೋಡತೊಡಗಿದೆ. ಕುರಿ ಕಾಯುವವನೊಬ್ಬ ಬಂದು ಏನು ಕಳಕೊಂಡಿ ಅಂತ ಕೇಳಿದ. ಏನಿಲ್ಲ ಅಂದೆ. ನಂಬಲಿಲ್ಲ, ಬಂಡೆಯ ಸುತ್ತ ಹುಡುಕತೊಡಗಿದ. ಸೌದೆ ಹೊತ್ತು ಬರುತ್ತಿದ್ದ ಇಬ್ಬರು ಹೆಂಗಸರು ನಿಂತು, ಹೊಟ್ಟೆನೋವಿರಬೇಕು, ಅಜವಾನ ನುಂಗು ಅಂದರು. ಇನ್ನೊಬ್ಬ ಮುದುಕ, ಮನೆಯಲ್ಲಿ ಬೈದಿದ್ದಾರೆ, ಜಿಗಿಯಲು ಬಂದಿದ್ದಾನೆ ಅಂತ ತೀರ್ಮಾನಿಸಿ ನನ್ನ ರಟ್ಟೆ ಹಿಡಿದುಕೊಂಡ. ಹೊತ್ತೇರುವುದರೊಳಗೆ ನಾನು ಕುರಿಗಳ ಸಮೇತ ಒಂದು ಮೆರವಣಿಗೆಯಲ್ಲಿ ಮನೆಗೆ ಬಂದೆ. ಅಜ್ಜಿ ಅವರಿಗೆಲ್ಲ ಮಜ್ಜಿಗೆ ಕೊಟ್ಟು, ಏನಾಗಿತ್ತು ಅಂತ ಕೇಳಿದಳು. ಒಬ್ಬನೇ ಕೂತಿದ್ದೆ ಅಂದೆ.

“ಒಬ್ಬನ ಕೂಡ್ರಾಕ ನಸೀಬ ಬೇಕಲೇ,” ಅಂದಳು. “ನಿನ್ನ ಹಣೀಗೆ ಎಲ್ಲಿಂದ ಬರ್ಬೇಕು ಅದು.”

ಈ ಮಾತಿಗೆ ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಅವಳು ಬಾವಿಕಟ್ಟೆಯ ಹತ್ತಿರ ಅಕ್ಕಿ ಆರಿಸುತ್ತ ಕೂತಿದ್ದಳು, ಎಡಕ್ಕೆ ಒಬ್ಬರು, ಬಲಕ್ಕೆ ಒಬ್ಬರು. ಗಂಡ ಸತ್ತ ಹೆಣ್ಣನ್ನು ಒಬ್ಬಳೇ ಬಿಡಬಾರದು ಅಂತ ನಮ್ಮ ಮನೆಯವರು ಪ್ರೀತಿಯಿಂದಲೇ ಮಾಡಿದ ಏರ್ಪಾಡು ಅದು. ಮಲಗುವಾಗ ಪಕ್ಕದಲ್ಲಿ ಯಾರಾದರೊಬ್ಬರು, ಮೀಯುವಾಗ ಬಚ್ಚಲ ಬಾಗಿಲಲ್ಲಿ ಒಬ್ಬರು. ಅವಳು ಸುಮ್ಮನಾದರೆ ತಕ್ಷಣ ಯಾರೋ ಒಬ್ಬರು ಮಾತಿಗೆ ಎಳೆಯುತ್ತಿದ್ದರು. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದರೆ ಅಲ್ಲೂ ಒಂದು ಮುಖ ಬಂದು ನಗುತ್ತಿತ್ತು.

ಶ್ರಾವಣ ಮುಗಿಯುತ್ತ ಬಂದಂತೆ ಅವಳ ಓದು ನಿಧಾನವಾಯಿತು. ಒಂದು ಪುಟಕ್ಕೆ ಎರಡು ಪುಟದ ಹೊತ್ತು. ಕಣ್ಣಿಗೆ ಏನಾದರೂ ಆಯಿತೇ ಅಂತ ಕೇಳಿದೆ. ಪುಸ್ತಕವನ್ನು ಅವಳು ಮೊದಲೇ ಗಂಡನ ಜೊತೆ ಕೂತು ಓದಿದ್ದಳು. ಕೊನೆ ಗೊತ್ತಿತ್ತು.

“ಕೊನಿಗೆ ಅಣ್ಣ ಬರ್ತಾನ,” ಅಂದಳು.

“ನಮ್ಮಪ್ಪ ಏನು?”

“ಅವರಣ್ಣನೋ. ಪುಸ್ತಕದಾಗಿನವನ ಅಣ್ಣ. ಬಂಡಿ ತಗೊಂಡು ಬಂದು, ನೀ ಒಬ್ಬನ ಇದ್ದದ್ದು ಸಾಕು ಅಂತ ಅವನ್ನ ಕರಕೊಂಡು ಹೋಗ್ತಾನ. ತುಂಬಿದ ಮನಿ, ಮದುವಿ, ಮಕ್ಕಳು. ಎಲ್ಲಾ ಚೊಲೊ ಆತು ಅಂತ ಬರದಾರ.”

ಅದೇ ಮಂಗಲ. ಆ ದಿನ ಅಪ್ಪ ಇಲ್ಲೇ ಕೂತಿರುತ್ತಾನೆ, ಅವನ ಬಂಡಿ ಬಾಗಿಲಲ್ಲಿ ನಿಂತಿರುತ್ತದೆ. ಒಂದು ತಿಂಗಳು ಆರತಿ ಎತ್ತಿಸಿಕೊಂಡ ಪುರಾಣವೇ ಹಾಗೆ ಹೇಳಿದ ಮೇಲೆ ಅತ್ತೆಯ ಮಾತಿಗೆ ಯಾರು ಕಿವಿ ಕೊಡುತ್ತಾರೆ? ಆ ಕೊನೆ ಬಿಟ್ಟುಬಿಡು, ಏನಾದರೂ ಬೇರೆ ಓದು, ಸಣ್ಣಜ್ಜನಿಗೆ ಕಣ್ಣು ಕಾಣುವುದಿಲ್ಲ, ಉಳಿದವರಿಗೆ ಅಕ್ಷರ ಬರುವುದಿಲ್ಲ, ನಾನು ಎಲ್ಲದಕ್ಕೂ ಹೂಂ ಅನ್ನುತ್ತೇನೆ ಅಂತ ಹೇಳಿದೆ. ನನ್ನ ಪ್ರಕಾರ ಅದು ಬಹಳ ಜಾಣತನದ ಸಲಹೆಯಾಗಿತ್ತು. ಅತ್ತೆ ನನ್ನನ್ನು ನೋಡಿದ ನೋಟಕ್ಕೆ ನನ್ನ ಮೀಸೆ ಇಳಿಯಿತು. ಬರೆದದ್ದನ್ನು ಬರೆದ ಹಾಗೆ ಓದಲಾರದಿದ್ದರೆ ಅಕ್ಷರ ಯಾಕೆ ಕಲಿಯಬೇಕಿತ್ತು ಅಂದಳು.

ಮಂಗಲದ ದಿನ ಅಪ್ಪ ಸಿಂಧನೂರಿನಿಂದ ಸವಾರಿ ಬಂಡಿ ಹೂಡಿಕೊಂಡು ಬಂದ. ಎತ್ತುಗಳಿಗೆ ಮೇವು ಹಾಕಿ, ಕಾಲು ತೊಳೆದು, ಅತ್ತೆಯ ಟ್ರಂಕು ಕಟ್ಟಿಟ್ಟಿದ್ದಾರೆಯೇ ಅಂತ ನೋಡಿಕೊಂಡು ಬಂದು ಮುಂದೆ ಕೂತ. ಅವನು ಕೆಟ್ಟವನಲ್ಲ. ತಂಗಿಗೆಂದು ಬಂಡಿಯಲ್ಲಿ ಮೆತ್ತನೆ ಹಾಸಿಗೆ ಹಾಕಿಸಿಕೊಂಡು ಬಂದಿದ್ದ, ಅವಳಿಗೆ ಸೇರುವ ಪೇರಲ ಹಣ್ಣು ತಂದಿದ್ದ. ಪಡಸಾಲೆ ತುಂಬಿತ್ತು. ಮಂಗಲಕ್ಕೆಂದು ಹೋಳಿಗೆ ಮಾಡಿದ್ದರಿಂದ, ತಿಂಗಳಿಡೀ ಕಾಣದ ಭಕ್ತರೂ ಕಂಡರು.

ಅತ್ತೆ ಕೊನೆಯ ಅಧ್ಯಾಯ ಓದಿದಳು. ಅಣ್ಣ ಬಂದ. ಬಾಗಿಲು ತಟ್ಟಿದ. ಕಥಾನಾಯಕ ಅಗಳಿ ತೆಗೆದ. ಅಣ್ಣ ಅವನನ್ನು ತಬ್ಬಿಕೊಂಡು, ಗೂಡಿನಲ್ಲಿದ್ದ ಲೋಟವನ್ನು ತಾನೇ ಎತ್ತಿ ಚೀಲಕ್ಕೆ ಹಾಕಿಕೊಂಡು, ಬಂಡಿ ಹತ್ತಿಸಿದ. ಪಟ್ಟಣದ ದೊಡ್ಡ ಮನೆ, ಅತ್ತಿಗೆ, ಮಕ್ಕಳ ಗಲಾಟೆ, ಮದುವೆಯ ಮಾತು. ಅವನ ಏಕಾಂತದ ಇರುಳು ಕಳೆಯಿತು ಅಂತ ಕೊನೆಯ ಸಾಲು. ಅತ್ತೆಯ ದನಿ ಎಲ್ಲೂ ನಡುಗಲಿಲ್ಲ. ನಾನು ಹೂಂ ಅನ್ನಲಾರದೆ ಕೆಮ್ಮಿದೆ. ಸಣ್ಣಜ್ಜ ಮದುವೆಯ ಮಾತು ಬಂದ ಖುಷಿಯಲ್ಲಿ, ಮಂಗಲವಾಯಿತು ಆರತಿ ತರ್ರಿ ಅಂದ. ಅಪ್ಪ ತಲೆದೂಗಿ, ಎಷ್ಟು ಚೆನ್ನಾಗಿ ಬರೆದಿದ್ದಾನೆ ನೋಡಿರಿ ಅಂದ.

ಆರತಿ ಬರಲಿಲ್ಲ. ತಟ್ಟೆ ಅಜ್ಜಿಯ ಕೈಯಲ್ಲಿತ್ತು. ಅಜ್ಜಿ ಕದಲಲಿಲ್ಲ.

“ಇದೇನಿದು ಅಪಶಕುನ,” ಅಂದಳು. “ಯಾವ ಶರಣನ್ನ ಅವರಣ್ಣ ಬಂದು ಬಂಡ್ಯಾಗ ಹಾಕ್ಕೊಂಡು ಹೋಗ್ಯಾನ?”

ಸಣ್ಣಜ್ಜ ಬಾಯಿ ತೆರೆದ. ಎಲ್ಲದಕ್ಕೂ ಅರ್ಥ ಇಟ್ಟುಕೊಂಡವನ ಹತ್ತಿರ ಇದಕ್ಕೆ ಅರ್ಥ ಇರಲಿಲ್ಲ. ಅಗಳಿ ಅಂದರೆ ಇಂದ್ರಿಯಗಳ ಬಾಗಿಲು ಅಂತ ಅವನೇ ತಿಂಗಳಿಡೀ ಹೇಳಿದ್ದ. ಈಗ ಶರಣ ಅದನ್ನು ತೆಗೆದು, ಲೋಟ ಚೀಲಕ್ಕೆ ಹಾಕಿಸಿಕೊಂಡು ಹೆಂಡತಿ ಹುಡುಕಲು ಹೊರಟರೆ ತಪಸ್ಸು ಏನಾಯಿತು? ಓಣಿಯ ಹೆಂಗಸರು ಮುಖ ಸಣ್ಣ ಮಾಡಿಕೊಂಡರು. ಆ ಮನೆಗೆ ಹೋದ ಮೇಲೆ ಅವನು ಎಷ್ಟು ಜನರ ಮುಸುರೆ ನೋಡಬೇಕೋ ಅಂತ ಒಬ್ಬಳು ಮರುಗಿದಳು. ಜಮಾದಾರ ಸಾಹೇಬರು ಕಟ್ಟೆಯಿಂದ, ಒಂದು ತಿಂಗಳು ಕಾದರೂ ಪವಾಡ ಆಗಲಿಲ್ಲ, ಕೊನೆಗೆ ಗಿರಫ್ತಾರಿ ಆಯಿತು ಅಂದರು.

ಇಂಥ ಕಡೆ ಏನು ಮಾಡಬೇಕೆಂದು ನಮ್ಮ ಮನೆಗೆ ಗೊತ್ತಿತ್ತು. ಪ್ರತಿ ವರ್ಷ ಪುರಾಣದ ಕೊನೆಗೆ ಸತ್ಪುರುಷ ತೀರಿಕೊಂಡಾಗ ಅಲ್ಲಿಗೇ ಬಿಡುತ್ತಿರಲಿಲ್ಲ, ಹಿಂದಕ್ಕೆ ಹೋಗಿ ಅವನು ಹುಟ್ಟಿದ ಅಧ್ಯಾಯ ಇನ್ನೊಮ್ಮೆ ಓದಿ, ಅಲ್ಲಿ ಮಂಗಲ ಮಾಡುತ್ತಿದ್ದರು. ಅಜ್ಜಿ ತಟ್ಟೆಯನ್ನು ಕೆಳಗಿಟ್ಟು ಅತ್ತೆಗೆ ಹೇಳಿದಳು.

“ಹಿಂದಕ್ಕ ಹೋಗವ್ವಾ. ಅವ ಅಗಳಿ ಹಾಕ್ಕೊಂಡು ಒಬ್ಬನ ಕೂತಿದ್ದನಲ್ಲ, ಅದನ್ನ ಓದು. ಮಂಗಲ ಅಲ್ಲಿ ಆಗ್ಲಿ.”

ಅತ್ತೆ ಪುಟ ತಿರುವಿದಳು. ಹುಡುಕಬೇಕಾಗಲಿಲ್ಲ, ಕೈಗೆ ಗೊತ್ತಿದ್ದ ಪುಟ. ಮೌನದ ಅಧ್ಯಾಯ ಅದು. ಕರೆಯುವ ದನಿಯಿಲ್ಲ, ಕೇಳುವವರಿಲ್ಲ, ಅಗಳಿ ಬಿತ್ತು, ಅವನು ಕೂತ. ಬರೆದವನು ಅದನ್ನು ಎದೆ ಒಡೆದು ಬರೆದಿದ್ದ. ಅಜ್ಜಿ ಅದಕ್ಕೆ ಆರತಿ ಎತ್ತಿದಳು. ಎಲ್ಲರೂ ಕೈಮುಗಿದರು. ನಾನು ಊರಿಗೆ ಕೇಳುವಂತೆ ಹೂಂ ಅಂದೆ.

ಅಪ್ಪನಿಗೆ ಆಗ ನೆಲ ಸರಿದ ಅನುಭವವಾಗಿರಬೇಕು. ಕಥೆ ಕಥೆಯೇ, ಮನೆ ಮನೆಯೇ, ಎರಡೂ ಬೇರೆ ಅಂತ ವಾದ ಶುರುಮಾಡಿದ. ಸಣ್ಣಜ್ಜನಿಗೆ ಅದು ತನ್ನ ವಿದ್ಯೆಗೇ ಹೊಡೆದ ಮಾತಾಗಿ ಕಂಡಿತು. ತಿಂಗಳಿಡೀ ವಿಭೂತಿ ಹಚ್ಚಿಕೊಂಡದ್ದು ಕಥೆ ಹೇಗಾಗುತ್ತದೆ ಅಂತ ತಿರುಗಿಬಿದ್ದ. ಅಪ್ಪ ಗಿರದಾವರನಿಗೆ ಮಾತು ಕೊಟ್ಟಿದ್ದೇನೆ ಅಂದ. ಅಕ್ಕಪಕ್ಕದವರು ಏನಂದಾರು ಅಂದ. ಕಡೆಗೆ ಎಲ್ಲ ಬಿಟ್ಟು ತಂಗಿಯ ಕಡೆ ತಿರುಗಿದ.

“ನಿನಗ ನಮ್ಮ ಮನ್ಯಾಗ ಏನ್ ಕಡಿಮಿ ಮಾಡೀವಿ, ಹೇಳು. ಒಬ್ಬಾಕೀನ ಕೂತು ಏನ್ ಮಾಡ್ತಿ ಅಲ್ಲಿ?”

ಅತ್ತೆ ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡಳು.

“ಅಣ್ಣಾ, ಕಡಿಮಿ ಏನೂ ಆಗಿಲ್ಲ. ಭಾಳ ಆಗೈತಿ,” ಅಂದಳು. “ಅವರು ಹೋದಾಗಿಂದ ನಾ ಒಬ್ಬಾಕೀನ ಕೂತು ಒಂದ ಸರ್ತಿನೂ ಅವರನ್ನ ನೆನಿಸಿಲ್ಲ. ಅಳು ಬಂತಂದ್ರ ಯಾರರೆ ಬಂದು ಕಣ್ಣೊರಸ್ತಾರ. ನಾ ಅಲ್ಲಿ ದುಃಖ ಮಾಡಾಕ ಹೊಂಟಿಲ್ಲ. ಸುಮ್ಮನ ಇರಾಕ ಹೊಂಟೀನಿ.”

ಅಪ್ಪ ತನ್ನ ಅಂಗೈ ನೋಡಿಕೊಂಡ. ನಾವು ಅವಳ ಕಣ್ಣು ಒರೆಸಿ ಒರೆಸಿ ಎಷ್ಟು ಕೆಲಸ ಕೆಡಿಸಿದ್ದೆವು ಅನ್ನುವುದು ಎಲ್ಲರಿಗೂ ಒಟ್ಟಿಗೇ ಹೊಳೆದಿರಬೇಕು, ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಜಮಾದಾರ ಸಾಹೇಬರು ಗಂಟಲು ಸರಿಮಾಡಿಕೊಂಡು, ಲಿಂಗಸುಗೂರಿನಲ್ಲಿ ಆ ಮನೆಯ ಎದುರಿಗೇ ತಮ್ಮ ಅಕ್ಕನ ಮನೆ ಇದೆ, ಕೂಗಿದರೆ ಕೇಳುತ್ತದೆ, ಕೂಗದಿದ್ದರೆ ಅವರು ಬರುವುದಿಲ್ಲ, ಅಷ್ಟು ತಾಕೀತು ತಾವು ಮಾಡುತ್ತೇವೆ ಅಂದರು. ಅಜ್ಜಿ ಹೋಳಿಗೆ ಬಡಿಸಲು ಎದ್ದಳು. ಏಳುವಾಗ ಅಪ್ಪನಿಗೆ, ಗಿರದಾವರನಿಗೆ ಅಷ್ಟು ಪ್ರೀತಿಯಿದ್ದರೆ ನಿನ್ನ ಸಿಂಧನೂರಿನ ಮನೆಯಲ್ಲಿ ಇಟ್ಟುಕೋ, ಮಕ್ಕಳ ಜೊತೆ ಆಡಿಕೊಂಡಿರುತ್ತಾನೆ ಅಂದಳು.

ಉಂಡ ಮೇಲೆ ಬಂಡಿ ಹೊರಟಿತು. ಸಿಂಧನೂರಿನ ಕಡೆ ಹೋಗಬೇಕಾದ ಎತ್ತುಗಳನ್ನು ಅಪ್ಪ ತಾನೇ ಲಿಂಗಸುಗೂರಿನ ಕಡೆ ತಿರುಗಿಸಿದ. ದಾರಿಯುದ್ದಕ್ಕೂ ಸಿಟ್ಟಿನಿಂದ ಒಂದು ಮಾತೂ ಆಡಲಿಲ್ಲವಂತೆ. ಅತ್ತೆಗೆ ಅದೇ ಬಹಳ ಹಿತವಾಗಿತ್ತು ಅಂತ ಆಮೇಲೆ ಹೇಳಿದಳು. ಮನೆ ಮುಟ್ಟಿದ ಮೇಲೆ ಬಾವಿಯಿಂದ ನೀರು ಸೇದಿ ತುಂಬಿಸಿ, ಜೇಡರ ಬಲೆ ಹೊಡೆದು, ಮಾಡಿನ ಒಡೆದ ಹೆಂಚು ಬದಲಿಸಿಯೇ ಅವನು ವಾಪಸಾದದ್ದು.

ಅಜ್ಜಿಗೆ ಇಲ್ಲಿ ಕಾಲು ನಿಲ್ಲಲಿಲ್ಲ. ಹಬ್ಬ ಮುಗಿಯುವುದೇ ತಡ, ಮಗಳ ಮನೆಯಲ್ಲಿ ಎಂಟು ದಿನ ಇದ್ದು ಬರುತ್ತೇನೆ ಅಂತ ರೊಟ್ಟಿ, ಶೇಂಗಾಚಟ್ನಿ ಕಟ್ಟಿಕೊಂಡು ಬಸ್ಸು ಹತ್ತಿದಳು. ಒಬ್ಬರೇ ಇರುವ ಸುಖ ಏನೆಂದು ಇಬ್ಬರೂ ಕೂಡಿ ನೋಡುತ್ತೇವೆ ಅಂದಿದ್ದಳು. ಅದೇ ದಿನ ಸಂಜೆಯ ಬಸ್ಸಿಗೆ ವಾಪಸು ಬಂದು ಇಳಿದಳು. ನಾನು ಗಾಬರಿಯಾಗಿ ಗಂಟು ಇಸಕೊಂಡು, ಏನಾಯಿತು ಅಂತ ಕೇಳಿದೆ.

“ಏನಾಗೂದೈತಿ. ಉಂಡಿವಿ, ಮಾತಾಡಿದಿವಿ. ಮಾತು ಮುಗದಿಂದ ಆಕಿ ಎದ್ದು ಸೆರಗು ಸರಿ ಮಾಡ್ಕೊಂಡು, ಯವ್ವಾ ಬಸ್ಸಿನ ಹೊತ್ತಾತು ಅಂದ್ಲು. ಬಂದ್ನಿ.”

ನಿನಗೆ ಸಿಟ್ಟು ಬರಲಿಲ್ಲವೇ ಅಂದೆ. ಅಜ್ಜಿ ಸ್ವಲ್ಪ ದೂರ ಸುಮ್ಮನೆ ನಡೆದಳು. ಅವಳು ಸುಮ್ಮನೆ ನಡೆದದ್ದನ್ನು ನಾನು ಕಂಡದ್ದು ಅದೇ ಮೊದಲು.

“ಮುಖದಾಗ ಒಂದೀಟು ರಕ್ತ ತುಂಬೈತಿ ಆಕಿಗೆ,” ಅಂದಳು. “ಮುಂದಿನ ಸರ್ತಿ ಮುಂಜಾನಿ ಬಸ್ಸಿಗೇ ಹೋಗ್ತೀನಿ. ಹೊತ್ತು ಜಾಸ್ತಿ ಸಿಗ್ತೈತಿ.”